ಮಹಾನಗರದ ಅಂಚಿನಲ್ಲಿ ಜೇನಿನ ಜಾಡು

ಜೇನು ಅಂದ ಕೂಡಲೇ ನಮ್ಮ ಮನಸ್ಸು ಕೊಡಗಿಗೋ, ಶಿರಸಿಗೋ, ಬಿಳಿಗಿರಿರಂಗನ ಬೆಟ್ಟಕ್ಕೋ ಓಡುತ್ತದೆ. ಲೋಕಲ್ ರೈಲು ಹತ್ತಿ ಜೇನು ಹುಡುಕಲು ಹೋಗುವವರು ಕಡಿಮೆ. ಈ ಬೇಸಿಗೆಯಲ್ಲಿ ನಾನು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳನ್ನು ಸುತ್ತಿದ್ದು ಮಾತ್ರ ಅದಕ್ಕಾಗಿಯೇ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಮುಂಬಯಿಯ ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಅಂದಿನಿಂದ ಹಳಿಯ ಎರಡೂ ಬದಿಗೆ ಊರು ಬೆಳೆಯುತ್ತಲೇ ಇದೆ. ಹಾಗಿದ್ದೂ ಒಂದು ಪಕ್ಕಕ್ಕೆ ಯೇವೂರಿನ ಕಾಡು, ಇನ್ನೊಂದು ಪಕ್ಕಕ್ಕೆ ಖಾಡಿ ಎಂದು ಕರೆಯುವ ಕಡಲ ಹಿನ್ನೀರಿನ ಕಾಂಡ್ಲಾವನ, ದೂರಕ್ಕೆ ಮುರ್ಬಾಡ್, ಶಹಾಪುರದ ಬೆಟ್ಟಸಾಲು ಉಳಿದುಕೊಂಡಿವೆ. ಇಷ್ಟು ಜನ, ಇಷ್ಟು ಕಾಂಕ್ರೀಟಿನ ನಡುವೆ ಜೇನು ಬದುಕಿರುವುದು ಈ ಅಂಚುಗಳ ಋಣದಲ್ಲಿ. ಊರೂರು ಸುತ್ತಿದಂತೆಲ್ಲ ನನಗೆ ಗಟ್ಟಿಯಾದ ಮಾತು ಇದೊಂದೇ.

ಮೊದಲು ಕಂಡದ್ದು ಹೆಜ್ಜೇನು. ಥಾಣೆಯ ಘೋಡ್‌ಬಂದರ್ ರಸ್ತೆಯ ಉದ್ದಕ್ಕೂ ಎದ್ದು ನಿಂತ ಬಹುಮಹಡಿ ಕಟ್ಟಡಗಳಲ್ಲಿ ಒಂದರಲ್ಲಿ ಪರಿಚಯದವರ ಮನೆ. ಅವರ ಅಡುಗೆಮನೆಯ ಕಿಟಕಿಗೆ ಎದುರಾಗಿ, ಪಕ್ಕದ ಕಟ್ಟಡದ ಸಜ್ಜದ ಅಡಿಗೆ ಒಂದು ಹುಟ್ಟು ಕಟ್ಟಿತ್ತು. ಹೆಜ್ಜೇನು ಪೊಟರೆಯೊಳಗೆ ಹೋಗುವುದಿಲ್ಲ. ಎತ್ತರದ ಮರ, ಬಂಡೆಯ ಚಾಚು, ಈಗ ಕಟ್ಟಡದ ಸಜ್ಜ, ನೀರಿನ ಟ್ಯಾಂಕಿನ ಅಡಿ, ಹೀಗೆ ಬಯಲಿನಲ್ಲೇ ಒಂದೇ ಒಂದು ಎರಿ ಇಳಿಬಿಡುತ್ತದೆ. ಆ ಎರಿಯ ಮೇಲೆ ಸಾವಿರಾರು ನೊಣಗಳು ಪದರ ಪದರವಾಗಿ ಕೂತು ತಮ್ಮ ಮೈಯನ್ನೇ ಗೋಡೆ ಮಾಡಿಕೊಂಡಿರುತ್ತವೆ. ನಾನು ನೋಡುತ್ತಿದ್ದಂತೆ ಒಂದು ದೊಡ್ಡ ಕಣಜ ಹುಟ್ಟಿನ ಹತ್ತಿರ ಸುಳಿಯಿತು. ಅದು ಬಂದ ಕಡೆಯಿಂದ ನೊಣಗಳು ಒಂದರ ಹಿಂದೊಂದು ಹಿಂಬದಿ ಎತ್ತಿ ಇಳಿಸಿದವು. ಗಾಳಿಗೆ ಭತ್ತದ ಗದ್ದೆ ಬಾಗಿದ ಹಾಗೆ ಒಂದು ಅಲೆ ಇಡೀ ಹುಟ್ಟಿನ ಮೇಲೆ ಹಾಯ್ದುಹೋಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು, ಮತ್ತೊಂದು. ಕಣಜ ಹತ್ತಿರ ಬರಲಾರದೆ ತಿರುಗಿಹೋಯಿತು. ಒಂದು ನೊಣವೂ ಜಾಗ ಬಿಟ್ಟು ಏಳಲಿಲ್ಲ, ಯಾರಿಗೂ ಕಚ್ಚಲಿಲ್ಲ.

ಹೆಜ್ಜೇನು ವಲಸೆಗಾರ. ಹೂವಿನ ಕಾಲ ಮುಗಿದರೆ ಎರಿ ಖಾಲಿ ಮಾಡಿ ಹತ್ತಾರು ಕಿಲೋಮೀಟರ್ ದೂರ ಹೋಗುತ್ತದೆ, ಕಾಲ ಬಂದಾಗ ಮರಳುತ್ತದೆ. ಹಲವು ಬಾರಿ ಬಿಟ್ಟುಹೋದ ಕೊಂಬೆಗೆ, ಬಿಟ್ಟುಹೋದ ಸಜ್ಜಕ್ಕೇ ಬರುತ್ತದೆ. ದುಡಿಯುವ ನೊಣದ ಆಯಸ್ಸು ಕೆಲವು ವಾರಗಳಷ್ಟೇ. ಮರಳಿ ಬರುವವು ಹೋದ ನೊಣಗಳಲ್ಲ, ಅವುಗಳ ನಂತರ ಹುಟ್ಟಿದವು. ಕಾಣದ ಮನೆಯ ದಾರಿ ಅವುಗಳಿಗೆ ಹೇಗೆ ತಿಳಿಯುತ್ತದೆ ಎಂಬುದು ವಿಜ್ಞಾನಿಗಳನ್ನೂ ಕಾಡುವ ಪ್ರಶ್ನೆ. ಆ ಸಂಜೆ ಪರಿಚಯದವರ ಸೊಸೈಟಿಯಲ್ಲಿ ಚರ್ಚೆ ನಡೆಯಿತು. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ ರಾತ್ರಿ ಹೊತ್ತು ಹೊಗೆ, ಔಷಧ ಹಾಕಿಸಬೇಕೆಂದು ಕೆಲವರು, ಬೇಡವೆಂದು ಕೆಲವರು. "ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ?" ಎಂದು ಒಬ್ಬ ತಾಯಿ ಕೇಳಿದರು. ಆ ಭಯವನ್ನು ತಳ್ಳಿಹಾಕುವಂತಿಲ್ಲ. ರೊಚ್ಚಿಗೆದ್ದ ಹೆಜ್ಜೇನು ಜೀವ ತೆಗೆದದ್ದೂ ಉಂಟು. ಆದರೆ ರೊಚ್ಚಿಗೇಳುವುದು ಕಲ್ಲು, ಪಟಾಕಿ, ಹೊಗೆ, ಹದ್ದು ಗಿಡುಗಗಳ ಕಾಟದಿಂದ. ಸುಮ್ಮನೆ ಬಿಟ್ಟ ಹುಟ್ಟು ತನ್ನ ಕೆಲಸ ಮುಗಿಸಿ ತಾನೇ ಹೊರಡುತ್ತದೆ.

ಆ ನೊಣಗಳು ಮಕರಂದವನ್ನು ಎಲ್ಲಿಂದ ತರುತ್ತವೆ ಎಂದು ನೋಡಲು ಯೇವೂರಿಗೆ ಹೋದೆ. ಥಾಣೆ ಸ್ಟೇಷನ್ನಿನಿಂದ ಉಪವನ ಕೆರೆಯನ್ನು ದಾಟಿ ಏರುದಾರಿ ಹಿಡಿದರೆ ಊರಿನ ಗದ್ದಲ ಹಿಂದೆ ಬಿದ್ದು ಕಾಡು ಶುರುವಾಗುತ್ತದೆ. ಸುಮಾರು 103 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಥಾಣೆ ಬದಿಯ ಬಾಗಿಲು ಇದು. ಬೂರುಗ, ಮುತ್ತುಗ, ಮತ್ತಿ, ಹಿಪ್ಪೆ, ಹೊಂಗೆ, ನೇರಳೆ ಎಲ್ಲ ನಮ್ಮ ಕಡೆಯ ಮರಗಳೇ. ಚಳಿ ಇಳಿಯುವ ಹೊತ್ತಿಗೆ ಬೂರುಗ, ಮುತ್ತುಗ ಅರಳಿದರೆ ಮಳೆ ಹಿಡಿಯುವವರೆಗೆ ಒಂದಲ್ಲ ಒಂದು ಮರ ಹೂವಿನಲ್ಲಿರುತ್ತದೆ. ಅಡಿಯಲ್ಲಿ ಎದೆಮಟ್ಟಕ್ಕೆ ಬೆಳೆದ ಕಾರ್ವಿ. ನಮ್ಮ ಘಟ್ಟದ ಕುರಿಂಜಿಯ ಬಳಗದ ಈ ಗಿಡ ಅರಳುವುದು ಎಂಟು ವರ್ಷಕ್ಕೊಮ್ಮೆ. ಈ ಉದ್ಯಾನದ ಬೆಟ್ಟಗಳಲ್ಲಿ 2016ರಲ್ಲಿ ಅರಳಿತ್ತು, ಮತ್ತೆ 2024ರಲ್ಲಿ. ಇನ್ನು 2032ರವರೆಗೆ ಕಾಯಬೇಕು.

ಯೇವೂರಿನ ಪಾಡಾ ಎಂಬ ಪುಟ್ಟ ಕೇರಿಗಳಲ್ಲಿ ವಾರ್ಲಿ ಆದಿವಾಸಿಗಳ ಮನೆಗಳಿವೆ. ಒಂದು ಮನೆಯ ಜಗಲಿಯಲ್ಲಿ ಕೂತಿದ್ದ ಹಿರಿಯರೊಬ್ಬರ ಜೊತೆ ಮಾತಿಗೆ ಕೂತೆ. ಹಿಂದೆ ಹುಟ್ಟು ಕೀಳುತ್ತಿದ್ದಿರಾ ಬಾಬಾ ಎಂದರೆ, ಅಪ್ಪನ ಕಾಲದ ಕಥೆ ಹೇಳಿದರು. ಈಗ ರಾಷ್ಟ್ರೀಯ ಉದ್ಯಾನದೊಳಗೆ ಜೇನು ತೆಗೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕಟ್ಟುಪಾಡು ಅದು. "ಕಾರ್ವಿ ಅರಳಿದ ವರ್ಷದ ಜೇನೇ ಬೇರೆ. ಕಪ್ಪಗೆ, ಗಟ್ಟಿ. ಬೆರಳಿಂದ ಇಳಿಯುತ್ತಿರಲಿಲ್ಲ" ಎಂದರು. ಆಮೇಲೆ ಒಳಗಿನಿಂದ ಒಂದು ತಾರ್ಪಾ ತಂದರು.

ವಾರ್ಲಿ ಚಿತ್ರಗಳಲ್ಲಿ ಸುರುಳಿ ಕುಣಿತದ ನಡುವೆ ನಿಂತವನ ಕೈಯಲ್ಲಿರುವ ಉದ್ದನೆಯ ವಾದ್ಯ ಅದೇ. ಒಣಗಿಸಿ ಟೊಳ್ಳು ಮಾಡಿದ ಸೋರೆಬುರುಡೆ, ಅದಕ್ಕೆ ಸೇರಿಸಿದ ಬಿದಿರಿನ ಕೊಳವೆಗಳು, ತುದಿಗೆ ತಾಳೆಗರಿ ಸುತ್ತಿ ಮಾಡಿದ ಕಹಳೆ. ಬುರುಡೆಗೂ ಬಿದಿರಿಗೂ ಕೂಡುವಲ್ಲಿ ಕಪ್ಪು ಮೇಣ ಮೆತ್ತಿತ್ತು. ಒಂದು ಕಡೆ ಬಿರುಕು ಬಿಟ್ಟಿತ್ತು. ಅವರು ಚಿಟಿಕೆಯಷ್ಟು ಮೇಣವನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ತಿಕ್ಕಿದರು. ಮೈಯ ಬಿಸಿಗೇ ಅದು ಮೆದುವಾಯಿತು. ಬಿರುಕಿಗೆ ತುಂಬಿ, ಉಗುರಿನಿಂದ ಸವರಿ, ಬಾಯಿಗಿಟ್ಟು ಊದಿ ನೋಡಿದರು. ಎಲ್ಲಿಂದಲೂ ಗಾಳಿ ಸೋರದೆ ದನಿ ತುಂಬಿ ಬಂತು. "ಮೇಣ ಇಲ್ಲದಿದ್ದರೆ ತಾರ್ಪಾ ಉಸಿರು ಬಿಡುತ್ತದೆ ಅಷ್ಟೆ, ಹಾಡುವುದಿಲ್ಲ" ಎಂದರು.

ಆ ಚಿಟಿಕೆ ಮೇಣದ ಹಿಂದಿನ ದುಡಿಮೆ ದೊಡ್ಡದು. ಎಳೆಯ ದುಡಿಮೆಗಾರ ನೊಣದ ಹೊಟ್ಟೆಯ ಅಡಿಯಲ್ಲಿ ನಾಲ್ಕು ಜೊತೆ ಮೇಣದ ಗ್ರಂಥಿಗಳಿವೆ. ಅಲ್ಲಿಂದ ತೆಳ್ಳನೆಯ ಚಕ್ಕೆಗಳಾಗಿ ಮೇಣ ಹೊರಡುತ್ತದೆ. ನೊಣ ಅದನ್ನು ಕಾಲಿನಿಂದ ತೆಗೆದು, ಬಾಯಲ್ಲಿ ಅಗಿದು, ಎರಿಯ ಗೋಡೆಗೆ ಹಚ್ಚುತ್ತದೆ. ಒಂದು ಕಿಲೋ ಮೇಣಕ್ಕೆ ಆರರಿಂದ ಎಂಟು ಕಿಲೋ ಜೇನು ಉಂಡಿರಬೇಕು ಎಂಬುದು ಜೇನು ಸಾಕುವವರ ಅಂದಾಜು. 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಈ ಮೇಣ ಹಳೆಯದಾದರೂ ಕೆಡುವುದಿಲ್ಲ. ಜೇನು ತೆಗೆದ ಮೇಲೆ ಎರಿಯನ್ನು ಹಿಂಡಿ ಎಸೆಯುವುದು ಎಂಥ ನಷ್ಟ ಎಂದು ಆ ಜಗಲಿಯಲ್ಲಿ ಕೂತಾಗ ಅನಿಸಿತು.

ಥಾಣೆಯಿಂದ ಮುಂದೆ ಡೊಂಬಿವಲಿ. ಕನ್ನಡಿಗರಿಗೆ ಇದು ಪರವೂರೇನಲ್ಲ. ಇಲ್ಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ, ಕಾಲೇಜುಗಳನ್ನು ನಡೆಸಿಕೊಂಡು ಬಂದಿದೆ. ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಕೆಲಸಕ್ಕೆ ಬಂದ ಕರಾವಳಿಯ ಕುಟುಂಬಗಳು ಮೂರನೆಯ ತಲೆಮಾರಿಗೆ ಕಾಲಿಟ್ಟಿವೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಥಾಣೆಯಲ್ಲಿ ನಿಂತಾಗ ಇಳಿಯುವ ಚೀಲಗಳಲ್ಲಿ ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿಯ ಜೊತೆ ಒಂದಾದರೂ ಜೇನಿನ ಬಾಟಲಿ ಇರುತ್ತದೆ. ಸುಳ್ಯದ ಕಡೆಯ ಒಂದು ಮನೆಯಲ್ಲಿ ಊಟ ಮುಗಿಸಿ ಕೂತಾಗ ಹಿರಿಯಮ್ಮ ಅಂಥದ್ದೊಂದು ಬಾಟಲಿ ತಂದಿಟ್ಟರು. ಒಳಗೆ ಜೇನು ತುಪ್ಪದ ಹಾಗೆ ಹರಳುಗಟ್ಟಿ ನಿಂತಿತ್ತು.

"ನನ್ನ ತಮ್ಮನ ತೋಟದ್ದು. ನೋಡಿ, ಹೀಗೆ ಗಟ್ಟಿ ಆಗಿದೆ. ಪಕ್ಕದ ಮನೆಯವರು ಸಕ್ಕರೆ ಪಾಕ ಅಂತ ಹೇಳಿದ್ರು. ನನಗೆ ತುಂಬ ಬೇಜಾರಾಯ್ತು."

"ತಮ್ಮನ ತೋಟದ ಹತ್ತಿರ ರಬ್ಬರ್ ಉಂಟಾ ಅಮ್ಮ?"

"ಉಂಟು. ಸುತ್ತ ಎಲ್ಲ ಅದೇ ಅಲ್ವಾ ಈಗ."

ಗುಟ್ಟು ಅಲ್ಲೇ ಇತ್ತು. ವರ್ಷದ ಮೊದಲ ತಿಂಗಳುಗಳಲ್ಲಿ ರಬ್ಬರ್ ಮರ ಚಿಗುರುವಾಗ ಅದರ ಎಳೆಯ ಎಲೆತೊಟ್ಟಿನಲ್ಲಿ ಮಕರಂದ ಒಸರುತ್ತದೆ. ಹೂವಿಲ್ಲದೆ ಬರುವ ಜೇನು ಅದು. ಕೇರಳದಲ್ಲೂ ದಕ್ಷಿಣ ಕನ್ನಡದಲ್ಲೂ ಪೆಟ್ಟಿಗೆ ಜೇನಿನ ದೊಡ್ಡ ಪಾಲು ಬರುವುದು ಅಲ್ಲಿಂದ. ಅದರಲ್ಲಿ ಗ್ಲೂಕೋಸ್ ಅಂಶ ಜಾಸ್ತಿಯಾದ್ದರಿಂದ ಬೇಗ ಹರಳುಗಟ್ಟುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ. ಹರಳುಗಟ್ಟುವುದು ಜೇನಿನ ಸಹಜ ಗುಣ, ಕಲಬೆರಕೆಯ ಗುರುತಲ್ಲ. ಕೈ ತಾಳುವಷ್ಟು ಬಿಸಿಯ ನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಒಲೆಯ ಮೇಲಿಟ್ಟು ಕಾಯಿಸಬಾರದು, ಪರಿಮಳವೂ ಹೋಗುತ್ತದೆ, ಗುಣವೂ ಕೆಡುತ್ತದೆ. ಹಿರಿಯಮ್ಮನ ಮುಖ ಅರಳಿತು. ಅವರ ಮೊಮ್ಮಗಳಿಗೆ ಆಗಷ್ಟೇ ಬಾಣಂತನ. ಹುಟ್ಟಿದ ಕೂಸಿನ ನಾಲಗೆಗೆ ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿ ಹಳೆಯದು. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು ಎಂದು ವೈದ್ಯರು ಹೇಳುತ್ತಾರೆ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳನ್ನು ತಡೆಯುವ ಶಕ್ತಿ ಎಳೆಯ ಕರುಳಿಗೆ ಇರುವುದಿಲ್ಲ. ಅದನ್ನೂ ಹೇಳಿದೆ. "ಹಾಗಾದ್ರೆ ಅದರ ಅಮ್ಮನೇ ತಿನ್ಲಿ" ಎಂದು ಬಾಟಲಿಯನ್ನು ಒಳಗಿಟ್ಟರು.

ನಿಜವಾದ ಕಲಬೆರಕೆ ಕಣ್ಣಿಗೆ ಕಾಣುವಂಥದ್ದಲ್ಲ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷೆಗೆ ಒಡ್ಡಿದಾಗ, ಎಲ್ಲ ಪರೀಕ್ಷೆಗಳಲ್ಲೂ ಪಾಸಾದವು ಮೂರೇ ಎಂದು ಹೇಳಿತು. ಕಂಪನಿಗಳು ಅದನ್ನು ಒಪ್ಪಲಿಲ್ಲ. ಸಾಮಾನ್ಯ ಪರೀಕ್ಷೆಗಳನ್ನು ದಾಟುವಂತೆಯೇ ತಯಾರಾದ ಸಕ್ಕರೆ ಪಾಕಗಳು ಮಾರುಕಟ್ಟೆಯಲ್ಲಿವೆ ಎಂಬ ಸಂಗತಿಯಂತೂ ಆ ಚರ್ಚೆಯಿಂದ ಜನರಿಗೆ ಗೊತ್ತಾಯಿತು. ಲೋಟದ ನೀರಿಗೆ ಹನಿ ಬಿಡುವುದು, ಬತ್ತಿ ಅದ್ದಿ ಉರಿಸುವುದು, ನಾಯಿಗೆ ಮೂಸಿಸುವುದು ಇವುಗಳಿಂದ ಏನೂ ತಿಳಿಯುವುದಿಲ್ಲ. ಯಾರ ಜೇನು, ಯಾವ ಊರಿನದ್ದು, ಯಾವ ಕಾಲದ್ದು ಎಂದು ಗೊತ್ತಿರುವುದೇ ದೊಡ್ಡ ಪರೀಕ್ಷೆ. ಹಿರಿಯಮ್ಮನ ಬಾಟಲಿ ಆ ಪರೀಕ್ಷೆಯಲ್ಲಿ ಪಾಸಾಗಿತ್ತು.

ಹಿರಿಯಮ್ಮನ ತಮ್ಮನಂಥವರು ಜೇನುಪೆಟ್ಟಿಗೆ ಉಳಿಸಿಕೊಂಡದ್ದೂ ಸುಲಭದ ಮಾತಲ್ಲ. 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿತು. ಮರಿಹುಳುಗಳು ಚೀಲದಂತೆ ಉಬ್ಬಿ ಸತ್ತು, ಸಾಕುಜೇನಿನ ಬಹುಪಾಲು ಕುಟುಂಬಗಳು ನಾಶವಾದವು. ಪುತ್ತೂರಿನಲ್ಲಿ ಕಚೇರಿಯಿರುವ ದಕ್ಷಿಣ ಕನ್ನಡ ಜೇನು ವ್ಯವಸಾಯಗಾರರ ಸಹಕಾರ ಸಂಘದಂಥ ಹಳೆಯ ಸಂಸ್ಥೆಗಳು ಆ ಹೊಡೆತ ತಡೆದುಕೊಂಡವು. ರೋಗ ತಾಳಿ ಉಳಿದ ಕುಟುಂಬಗಳನ್ನು ಕಾಡಿನಿಂದ ತಂದು ಕೃಷಿಕರು ಮತ್ತೆ ಪೆಟ್ಟಿಗೆ ತುಂಬಿದರು. ಕಾಡು ಇದ್ದದ್ದರಿಂದ ಅದು ಸಾಧ್ಯವಾಯಿತು.

ಕಲ್ಯಾಣ್ ಹಳೆಯ ಬಂದರು ಪಟ್ಟಣ. ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್'ನಲ್ಲಿ ಅದರ ಹೆಸರಿದೆ. ಈಗಿನ ಪೇಟೆಯ ಒಂದು ಓಣಿಯಲ್ಲಿ, ಮುರ್ಬಾಡ್ ಕಡೆಯಿಂದ ಬಂದ ಕಾತ್ಕರಿ ಬುಡಕಟ್ಟಿನ ಹೆಂಗಸೊಬ್ಬರು ಸ್ಟೀಲಿನ ಡಬ್ಬಿಯಲ್ಲಿ ಎರಿಸಹಿತ ಜೇನು ಇಟ್ಟುಕೊಂಡು ಕೂತಿದ್ದರು. ಎರಿಯ ತುಂಡಿನಲ್ಲಿ ಮರಿಹುಳು ಇರಲಿಲ್ಲ. "ಮೇಲಿನ ಜೇನಿನ ತಲೆ ಅಷ್ಟೇ ಕೊಯ್ದದ್ದು, ಮರಿ ಇರುವ ಭಾಗ ಅಲ್ಲೇ ಬಿಟ್ಟಿದ್ದಾರೆ ನನ್ನ ಯಜಮಾನರು" ಎಂದರು. ಹೆಜ್ಜೇನು ಜೇನನ್ನು ಎರಿಯ ಮೇಲುಭಾಗದಲ್ಲಿ ಕೂಡಿಡುತ್ತದೆ, ಮರಿಗಳು ಕೆಳಗೆ. ಮೇಲಿನದನ್ನು ಮಾತ್ರ ಕೊಯ್ದರೆ ಕುಟುಂಬ ಉಳಿಯುತ್ತದೆ, ಅದೇ ಹುಟ್ಟಿನಿಂದ ಮತ್ತೊಮ್ಮೆ ಜೇನು ಸಿಗುತ್ತದೆ. ಪುಣೆಯಲ್ಲಿ 1962ರಲ್ಲಿ ಶುರುವಾದ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಕಲಿಸುವ ಪಾಠವೂ ಇದೇ. 2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಜೇನನ್ನೂ ಮೇಣವನ್ನೂ ಹೆಸರಿಸಿ, ಅವುಗಳ ಮೇಲಿನ ಹಕ್ಕನ್ನು ಕಾಡಿನ ಜನಕ್ಕೆ ಕೊಟ್ಟಿದೆ. ಆ ಹೆಂಗಸು ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟೆ. ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ ಬೆಲ್ಲದ ಪಾಕದ ಮೇಲೆ ಎರಿಯ ಚೂರು ತೇಲಿಬಿಟ್ಟು ಮಾರುವವರೂ ಇರುತ್ತಾರೆ. ಅಂಥವರಿಂದ ಪೆಟ್ಟು ತಿನ್ನುವುದು ಕೊಳ್ಳುವವರಿಗಿಂತ ಹೆಚ್ಚಾಗಿ ಈಕೆಯಂಥವರು.

ಅಲ್ಲೇ ಹತ್ತಿರದ ಹಳೆಯ ವಾಡೆಯ ಇಟ್ಟಿಗೆ ಗೋಡೆಯಲ್ಲಿ ನನಗೆ ಮುಜಂಟಿ ಕಂಡಿತು. ನಾಲ್ಕು ಮಿಲಿಮೀಟರಿನಷ್ಟು ಉದ್ದದ ಕಪ್ಪು ನೊಣ, ಕೊಂಡಿಯಿಲ್ಲ. ಇಟ್ಟಿಗೆಯ ಸಂದಿನಿಂದ ಬೆರಳುದ್ದದ ಒಂದು ಕೊಳವೆ ಹೊರಚಾಚಿತ್ತು. ಮುಟ್ಟಿದರೆ ಅಂಟು. ಅದರ ಬಾಯಲ್ಲಿ ಕಾವಲಿನ ನೊಣಗಳು ಉಂಗುರದ ಹಾಗೆ ಕೂತಿದ್ದವು. ಒಂದು ಇರುವೆ ಹತ್ತಲು ಹೋಗಿ ಅಂಟಿಕೊಂಡಿತು. ಮರಗಳ ಗೋಂದು, ರಾಳವನ್ನು ಕಾಲಿಗೆ ಮೆತ್ತಿಕೊಂಡು ತಂದು, ತಮ್ಮ ಮೇಣದ ಜೊತೆ ಬೆರೆಸಿ ಮುಜಂಟಿ ಇಡೀ ಮನೆ ಕಟ್ಟುತ್ತದೆ. ಪ್ರೊಪೊಲಿಸ್ ಎಂದು ಔಷಧಿ ಅಂಗಡಿಯಲ್ಲಿ ಮಾರುವುದು ಇಂಥ ರಾಳವನ್ನೇ. ಸೂಕ್ಷ್ಮಜೀವಿಗಳನ್ನು ದೂರವಿಡುವ ಗುಣ ಅದಕ್ಕಿದೆ. ಯುರೋಪಿನ ಜೇನುನೊಣ ಅದನ್ನು ಧಾರಾಳವಾಗಿ ತರುತ್ತದೆ, ನಮ್ಮ ತುಡುವೆ ಅದರ ಗೋಜಿಗೇ ಹೋಗುವುದಿಲ್ಲ. ಮುಜಂಟಿಯ ಜೇನು ಎರಿಯಲ್ಲಿರದೆ ಪುಟ್ಟ ಕುಡಿಕೆಗಳಲ್ಲಿರುತ್ತದೆ, ತುಸು ಹುಳಿ. ಸಿಗುವುದೂ ಅಷ್ಟೇ ಕಡಿಮೆ. ಕರಾವಳಿಯಲ್ಲಿ ಅದಕ್ಕೆ ಮಾಮೂಲು ಜೇನಿನ ಹಲವು ಪಟ್ಟು ಬೆಲೆ. ಕಲ್ಯಾಣ್‌ನ ಆ ಗೋಡೆ ಪುನರಾಭಿವೃದ್ಧಿಗೆ ಕಾದು ನಿಂತಿದೆ. ಗೋಡೆ ಬಿದ್ದರೆ ಅದರೊಳಗಿನ ಸಂಸಾರವೂ ಹೋಗುತ್ತದೆ. ತಿಳಿದವರೊಬ್ಬರು ಸಿಕ್ಕರೆ ಅದನ್ನು ಬಿದಿರಿನ ಅಂಡೆಗೋ ಮರದ ಪೆಟ್ಟಿಗೆಗೋ ಇಳಿಸಿ ಬಾಲ್ಕನಿಯಲ್ಲಿ ಸಾಕಬಹುದು.

ಕೊನೆಗೆ ಖಾಡಿ. ನವಿ ಮುಂಬಯಿಯ ಐರೋಲಿಯಲ್ಲಿ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ಅಲ್ಲಿಂದ ದೋಣಿ ಹತ್ತಿದರೆ ಥಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ. 2015ರಲ್ಲಿ ಘೋಷಣೆಯಾದ ಈ ಅಭಯಾರಣ್ಯ ಸುಮಾರು 1,690 ಹೆಕ್ಟೇರು. ಅದರ ಅರ್ಧಕ್ಕಿಂತ ಹೆಚ್ಚು ಕಾಂಡ್ಲಾವನ. 2022ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯವರೆಲ್ಲ ಗುಲಾಬಿ ಹಕ್ಕಿಗಳ ಕಡೆ ಕ್ಯಾಮೆರಾ ಹಿಡಿದಿದ್ದಾಗ ನಾನು ದಡದಲ್ಲಿ ತಿವರ ಎಂಬ ಕಾಂಡ್ಲಾ ಮರಗಳನ್ನು ನೋಡುತ್ತಿದ್ದೆ. ಉಪ್ಪು ನೀರಲ್ಲಿ ಬೇರೂರಿದ ಈ ಮರ ಒಳಗೆಳೆದುಕೊಂಡ ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ. ಎಲೆಯ ಮೇಲೆ ಬಿಳಿಯ ಪುಡಿ ಕೈಗೆ ಹತ್ತುತ್ತದೆ. ಹೂವು ಮಾತ್ರ ಸಿಹಿ, ಕಡಲೆಬೇಳೆಯಷ್ಟು ದೊಡ್ಡದಾದ ಹಳದಿ ಹೂವು. ದೋಣಿ ದಡಕ್ಕೆ ಹತ್ತಿರವಾದಾಗ ಮರ ಗುಂಯ್‌ಗುಡುವುದು ಕೇಳಿಸಿತು. ಬಂಗಾಳದ ಸುಂದರಬನದ ಕಾಂಡ್ಲಾ ಜೇನಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಂಥದ್ದೇ ಮರಗಳು ವಾಶಿ, ಐರೋಲಿಯ ಕಚೇರಿಗಳ ಕಿಟಕಿಯಾಚೆ ನಿಂತಿವೆ. ಊರಿನ ಒಳರಸ್ತೆಗಳಲ್ಲೂ ಹೊಂಗೆ ಮರಗಳಿವೆ. ಬೇಸಿಗೆಯಲ್ಲಿ ಅವುಗಳ ಕೆಳಗೆ ನೆಲವೆಲ್ಲ ತಿಳಿನೇರಳೆ ಬಿಳಿ ಹೂವು, ಮೇಲೆಲ್ಲ ನೊಣ.

ಯೇವೂರು, ಖಾಡಿ, ಹಳೆಯ ಗೋಡೆ, ಸಾಲುಮರ ಇವುಗಳನ್ನೆಲ್ಲ ಹೊಲಿಯುತ್ತ ಓಡಾಡುವುದು ಜೇನುನೊಣ. ಮುರ್ಬಾಡಿನ ಸೌತೆ, ಹೀರೆ, ಕುಂಬಳ ಕಾಯಿ ಕಟ್ಟಬೇಕಾದರೂ ಅವೇ ಬರಬೇಕು. ಮಹಾರಾಷ್ಟ್ರ ಸರ್ಕಾರ 2022ರಲ್ಲಿ ಮಹಾಬಳೇಶ್ವರದ ಬಳಿಯ ಮಾಂಘರ್ ಹಳ್ಳಿಯನ್ನು ಜೇನಿನ ಊರೆಂದು ಸಾರಿತು. ಊರಿಗೆ ಊರೇ ಪೆಟ್ಟಿಗೆ ಇಟ್ಟು ಸುತ್ತಲಿನ ಕಾಡು ಕಾಯುತ್ತದೆ. ಮಹಾನಗರ ಅಷ್ಟು ಮಾಡಲಾರದು. ಆದರೆ ತನ್ನ ಅಂಚನ್ನು ಬಿಟ್ಟುಕೊಡದೆ ಇರಬಲ್ಲದು.

ಈ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಕಟ್ಟಡದ ಸಜ್ಜಕ್ಕೆ ಹೆಜ್ಜೇನು ಬಂದು ಕೂತರೆ ಬೆಂಕಿಗೂ ಔಷಧಕ್ಕೂ ಅವಸರ ಮಾಡಬೇಡಿ. ಹುಟ್ಟು ಕೈಗೆಟುಕದ ಎತ್ತರದಲ್ಲಿದ್ದರೆ ಹತ್ತಿರದ ಕಿಟಕಿಗಳಿಗೆ ಜಾಲರಿ ಹಾಕಿಸಿ, ರಾತ್ರಿ ಆ ಬದಿಯ ದೀಪ ಆರಿಸಿ, ಮಕ್ಕಳಿಗೆ ಕಲ್ಲೆಸೆಯಬಾರದೆಂದು ಹೇಳಿ, ಕಾಲ ಮುಗಿದು ಅವು ಹೊರಡುವವರೆಗೆ ಕಾಯಿರಿ. ಓಡಾಡುವ ದಾರಿಯಲ್ಲೇ ಇದ್ದರೆ ಕೊಲ್ಲದೆ ಎಬ್ಬಿಸಬಲ್ಲ ಅನುಭವಿಗಳನ್ನು ಕರೆಸಿ. ಜೇನು ಕೊಳ್ಳುವಾಗ ತೆಗೆದವರ ಊರು ಕೇಳಿ ಕೊಳ್ಳಿ. ಸೊಸೈಟಿಯ ಅಂಗಳದಲ್ಲಿ ಮರ ನೆಡುವ ಸರದಿ ಬಂದಾಗ ಒಂದು ಹೊಂಗೆ ಅಥವಾ ಒಂದು ನೇರಳೆ ನೆಡಿ.